ಪ್ರಕೃತಿ ವಿಕೋಪಕ್ಕೆ ಮನೆ ಇನ್ಶೂರೆನ್ಸ್ ಬರುತ್ತಾ? ನಷ್ಟ ಅಂದಾಜು ಮಾಡೋ ಇನ್ಶೂರೆನ್ಸ್ ಸರ್ವೇಯರ್‌ಗೆ ನಮ್ಮ ಗುಂಪಲ್ಲಿ ಕೇಳಿ

ಪ್ರಶ್ನೆ: ಸರ್, ಪ್ರವಾಹಕ್ಕೆ ಕ್ಲೇಮ್ ಸಿಗುತ್ತಾ?

ಸರ್ವೇಯರ್: ಅದು ಯಾವ ಪಾಲಿಸಿ ಅನ್ನೋದರ ಮೇಲಿದೆ. ಅಮೆರಿಕದ ಮಾಮೂಲಿ ಮನೆ ಪಾಲಿಸೀಲಿ ಪ್ರವಾಹನೂ ಇಲ್ಲ ಭೂಕಂಪನೂ ಇಲ್ಲ, ಬೇರೆಯಾಗಿ ತಗೋಬೇಕು. ಭಾರತದಲ್ಲಿ 2021ರ ಏಪ್ರಿಲ್‌ನಲ್ಲಿ ಬಂದ ಭಾರತ್ ಗೃಹ ರಕ್ಷಾ ಅನ್ನೋ ಮನೆ ಪಾಲಿಸೀಲಿ ಎರಡೂ ಸೇರಿವೆ. ನಿಮ್ಮ ಪಾಲಿಸಿಯ ಎಕ್ಸ್‌ಕ್ಲೂಷನ್ ಪುಟ, ಅಂದ್ರೆ ಯಾವುದಕ್ಕೆ ದುಡ್ಡು ಕೊಡಲ್ಲ ಅನ್ನೋ ಪಟ್ಟಿ, ಓದಿ.

ಪ್ರಶ್ನೆ: ಮನೆ ಹಿಂದೆ ದಿಬ್ಬ ಇದೆ ಸರ್, ನಾಲ್ಕು ದಿನ ಮಳೆ ಹೊಡೆದು ಗೋಡೆ ಬಿರುಕು ಬಿಟ್ಟಿದೆ, ನಿನ್ನೆಗಿಂತ ಇವತ್ತು ಅಗಲ ಆಗಿದೆ, ಹಿಂಬಾಗಿಲು ಹಾಕೋಕಾಗ್ತಿಲ್ಲ. ಸಿಮೆಂಟ್ ತುಂಬಿಸಿ ಕ್ಲೇಮ್ ಹಾಕ್ಲಾ?

ಸರ್ವೇಯರ್: ಮೇಡಂ, ಮೊದಲು ಎಲ್ರೂ ಮನೆಯಿಂದ ಹೊರಗೆ ಬನ್ನಿ. ಬಿರುಕು ದಿನಾ ಅಗಲ ಆಗ್ತಿದೆ, ಬಾಗಿಲು ಹಿಡೀತಿದೆ ಅಂದ್ರೆ ಮಣ್ಣು ಇನ್ನೂ ಜರೀತಿದೆ, ಕ್ಲೇಮ್ ಆಮೇಲೆ. ಸಿಮೆಂಟ್ ತುಂಬಿಸಬೇಡಿ, ಆ ಬಿರುಕೇ ನಿಮ್ಮ ಸಾಕ್ಷಿ. ಕಂಪನಿಗೆ ಇವತ್ತೇ ಮೆಸೇಜ್ ಅಥವಾ ಮೇಲ್‌ನಲ್ಲಿ ತಿಳಿಸಿ, ಬರೀ ಫೋನ್ ಸಾಲಲ್ಲ. ಇಲ್ಲಿ ಜಗಳ ಬರೋದೇ ಕಾರಣದ ಮೇಲೆ. ಗುಡ್ಡ ಜರಿದು ಗೋಡೆ ಒಡೆದ್ರೆ ಭೂಕುಸಿತ, ಅದಕ್ಕೆ ಕವರ್ ಇರೋ ಪಾಲಿಸಿ ಇವೆ. ಆದ್ರೆ ಹೊಸ ಕಟ್ಟಡ ತಾನಾಗೇ ಕೂರೋದು, ತುಂಬಿಸಿದ ಮಣ್ಣು ಇಳಿಯೋದು, ನದಿ ಅಥವಾ ಸಮುದ್ರ ದಡ ಕೊರೆಯೋದು, ಕಟ್ಟಿದ್ದೇ ಸರಿಯಿಲ್ಲದಿರೋದು, ಇವನ್ನ ಅದೇ ಪಾಲಿಸೀಲೇ ಹೊರಗಿಟ್ಟಿರ್ತಾರೆ. ಮಳೆಗೆ ಮುಂಚಿನ ಗೋಡೆ ಫೋಟೋ, ಹಬ್ಬದ್ದೋ ಮಕ್ಕಳದ್ದೋ, ಫೋನಲ್ಲಿ ಹುಡುಕಿ. ಆಗ ಬಿರುಕು ಇರಲಿಲ್ಲ ಅನ್ನೋಕೆ ಅದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ.

ಪ್ರಶ್ನೆ: ಪ್ರವಾಹಕ್ಕೆ ಬರುತ್ತಾ ಸರ್?

ಸರ್ವೇಯರ್: ಮೇಲೆ ಬರೆದಿದೀನಿ.

ಸದಸ್ಯರು: ಫಾರ್ವರ್ಡ್ ಬಂದಿದೆ, ನೀರು ನುಗ್ಗಿದ್ರೂ ಫಾರ್ಮಲ್ಲಿ 'ಗಾಳಿ' ಅಂತ ಬರೀರಿ, ಕ್ಲೇಮ್ ಗ್ಯಾರಂಟಿ ಅಂತೆ.

ಸರ್ವೇಯರ್: ದಯವಿಟ್ಟು ಇದನ್ನ ಹಂಚಬೇಡಿ, ಮೂರನೇ ಸಲ ಹೇಳ್ತಿದೀನಿ! ಸುಳ್ಳು ಬರೆದ್ರೆ ನ್ಯಾಯವಾಗಿ ಬರಬೇಕಾದ ದುಡ್ಡೂ ಹೋಗುತ್ತೆ. ನೀರು ಎಷ್ಟು ಎತ್ತರ ನಿಂತಿತ್ತು ಅಂತ ಗೋಡೆ ಮೇಲಿನ ಗೆರೆನೇ ಹೇಳುತ್ತೆ. ಅಮೆರಿಕದ ಮಾಮೂಲಿ ಪಾಲಿಸೀಲಿ ಪ್ರವಾಹ ಇಲ್ಲದ್ದಕ್ಕೇ, ಅಲ್ಲಿ 2005ರ ಕತ್ರಿನಾ ಚಂಡಮಾರುತದ ಮನೆಗಳು ಗಾಳಿಗೆ ಬಿದ್ವಾ ನೀರಿಗೆ ಬಿದ್ವಾ ಅಂತ ವರ್ಷಗಟ್ಟಲೆ ಕೋರ್ಟಲ್ಲಿ ವಾದ ನಡೀತು. ಗಾಳಿ, ಪ್ರವಾಹ ಎರಡೂ ಸೇರಿ ಹಾಳಾಗಿದ್ರೆ ಏನೂ ಕೊಡಲ್ಲ ಅನ್ನೋ ಷರತ್ತೂ ಕೆಲವು ಪಾಲಿಸೀಲಿ ಇದೆ.

ಸದಸ್ಯರು: ಕಂಪನಿಗಳೇ ಮೋಸ ಮಾಡುವಾಗ ನಾವ್ಯಾಕೆ ನಿಜ ಬರೀಬೇಕು?

ಇನ್ನೊಬ್ಬರು: ಓದದೆ ಸಹಿ ಹಾಕಿದ್ದು ಯಾರು ಸ್ವಾಮಿ?

ಸದಸ್ಯರು: ನೀವು ಏಜೆಂಟಾ? ಅಷ್ಟು ಸಣ್ಣಕ್ಷರ ಯಾರು ಓದ್ತಾರೆ.

ಇನ್ನೊಬ್ಬರು: ನಾನು ಏಜೆಂಟ್ ಅಲ್ಲ, ಓದದೆ ಮನೆ ದುಡ್ಡು ಕಳ್ಕೊಂಡೋನು. ಏಕವಚನಕ್ಕೆ ಇಳೀಬೇಡಿ ಅಂತ ಈಗ್ಲೇ ಹೇಳ್ತೀನಿ.

ಪ್ರಶ್ನೆ: ಬಾಡಿಗೆ ಮನೇಲಿರೋರ ಸಾಮಾನಿಗೆ?

ಪ್ರಶ್ನೆ: ಪ್ರವಾಹಕ್ಕೆ?

ಸರ್ವೇಯರ್: ಜಗಳ ನಿಲ್ಲಿಸಿ. ಬಿರುಕಿನ ಮೇಡಂ, ಮನೆ ಬಿಟ್ರಾ?

ಉತ್ತರ: ಬಿಟ್ವಿ ಸರ್, ಅಕ್ಕನ ಮನೇಲಿದೀವಿ. ಬಿರುಕಿನ ಫೋಟೋ ತೆಗೆಯೋದು ಮರೆತೆ, ಈಗ ಹೋಗ್ಲಾ?

ಸರ್ವೇಯರ್: ಬೇಡ. ನಾಳೆ ಬೆಳಕಾದ್ಮೇಲೆ, ದೂರದಿಂದ, ಹೊರಗೆ ನಿಂತೇ ತೆಗೀರಿ.