ಸಹಾಯ ಬೇಕು: ನಮ್ಮ ಕೆರೆಯ ಹಳೇ ಆದೇಶ ಹುಡುಕುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ನಮ್ಮ ಬಡಾವಣೆಯ ಕೆರೆ ಒತ್ತುವರಿ ಬಗ್ಗೆ 2009ರ ಒಂದು ಆದೇಶ ಬೇಕಾಗಿದೆ. ಇಲಾಖೆಯ ವೆಬ್‌ಸೈಟಿನಲ್ಲೇ ಹುಡುಕಿದರೆ ಏನೂ ಬರುವುದಿಲ್ಲ. ಹಾಗಾಗಿ ಆ ವೆಬ್‌ಸೈಟಿನೊಳಗೆ ಮಾತ್ರ ಹುಡುಕಲು ಗೂಗಲ್‌ನಲ್ಲಿ ಇಂಗ್ಲಿಷಿನ 'site' ಬರೆದು, ಕೋಲನ್ ಹಾಕಿ, ಜಾಗ ಬಿಡದೆ ವೆಬ್‌ಸೈಟ್ ವಿಳಾಸ ಕೊಟ್ಟೆ. ಕೆರೆ ಹೆಸರಿಗೆ ಡಬಲ್ ಕೋಟ್ ಹಾಕಿದೆ. ಪಿಡಿಎಫ್ ಕಡತಗಳು ಮಾತ್ರ ಬರಲಿ ಅಂತ 'filetype:pdf' ಕೂಡ ಸೇರಿಸಿದೆ. ಬರೀ ಟೆಂಡರ್‌ಗಳೇ ಜಾಸ್ತಿ ಬಂದವು. ಆ ಪದದ ಶುರುವಿಗೆ ಮೈನಸ್ ಅಂಟಿಸಿ ಅವನ್ನೂ ತೆಗೆದೆ. ಆದರೂ ಆದೇಶ ಸಿಗಲಿಲ್ಲ.

ನನಗೊಂದು ಅನುಮಾನ. ಹಳೇ ಪಿಡಿಎಫ್ 'ನುಡಿ' ಎಂಬ ಕನ್ನಡ ತಂತ್ರಾಂಶದ ಹಳೇ ಫಾಂಟ್‌ನಲ್ಲಿದ್ದರೆ ಕಣ್ಣಿಗೆ ಕಾಣುವುದು ಕನ್ನಡ, ಒಳಗಿರುವುದು ಬೇರೆ ಸಂಕೇತ. ಈಗ ಎಲ್ಲರೂ ಬಳಸುವ ಯುನಿಕೋಡ್ ಸಂಕೇತದಲ್ಲಿ ಹುಡುಕಿದರೆ ಹೊಂದುವುದಿಲ್ಲ ಅಲ್ವಾ? ಕೆರೆ ಹೆಸರನ್ನು ಆ ಹಳೇ ಸಂಕೇತಕ್ಕೆ ಬದಲಾಯಿಸಿ ಹುಡುಕಿದರೆ ಸಿಗುತ್ತದೆಯೇ? ಯಾರಾದರೂ ಮಾಡಿ ನೋಡಿದ್ದರೆ ದಯವಿಟ್ಟು ತಿಳಿಸಿ. ಭಾನುವಾರ ನಿವಾಸಿಗಳ ಸಭೆಗೆ ಅದು ಬೇಕೇ ಬೇಕು.