ಲೇಬರ್ ವಾರ್ಡ್ ಪೋಸ್ಟಿಂಗ್ ಆದಮೇಲೆ ತಂಗಿ ತುಂಬಾ ಬದಲಾಗಿದ್ದಾಳೆ, ನೇರವಾಗಿ ಕೇಳಬಹುದಾ?

ಡೊಂಬಿವಲಿ ಅಕ್ಕ:
ಎಲ್ಲರಿಗೂ ನಮಸ್ಕಾರ. ನಮ್ಮೂರು ಬೀದರ್ ಜಿಲ್ಲೆ, ಹುಮನಾಬಾದ್ ಕಡೆ. ಮದುವೆಯಾದ ಮೇಲೆ ಡೊಂಬಿವಲಿಯಲ್ಲಿದ್ದೇನೆ. ತಂಗಿ ನವಿ ಮುಂಬೈಯಲ್ಲಿ ಹಾಸ್ಟೆಲ್‌ನಲ್ಲಿದ್ದು ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮೂರನೇ ವರ್ಷ ಓದುತ್ತಿದ್ದಾಳೆ. ಅಪ್ಪ ಸೊಸೈಟಿಯಲ್ಲಿ ಸಾಲ ತೆಗೆದು ಫೀಸು ಕಟ್ಟಿದ್ದಾರೆ.

ಲೇಬರ್ ವಾರ್ಡಿಗೆ ಹಾಕಿದ ಮೇಲೆ ಅವಳು ಮೊದಲಿನ ಹಾಗಿಲ್ಲ. ಅಲ್ಲಿ ಹೆರಿಗೆಯಾದ ಒಬ್ಬರಿಗೆ ರಕ್ತ ನಿಲ್ಲಲೇ ಇಲ್ಲ, ತೀರಿಕೊಂಡರು. ಇವಳು ಪಕ್ಕದಲ್ಲೇ ನಿಂತು ಬಿಪಿ ನೋಡುತ್ತಿದ್ದಳು. ಅದೇ ರಾತ್ರಿ ಚಾರ್ಟ್ ಸರಿಯಾಗಿ ತುಂಬಿಲ್ಲ ಅಂತ ಇನ್‌ಚಾರ್ಜ್ ಸಿಸ್ಟರ್ ಎಲ್ಲರೆದುರು ಮರಾಠಿಯಲ್ಲಿ ಬೈದರಂತೆ. ಇವಳಿಗೆ ಅರ್ಧ ಅರ್ಥವಾಗಿಲ್ಲ, ಸುತ್ತ ನಿಂತವರು ನಕ್ಕಿದ್ದು ಮಾತ್ರ ಅರ್ಥವಾಗಿದೆ.

ಈಗ ನಿದ್ದೆಯಿಲ್ಲ, ಊಟ ಸೇರುವುದಿಲ್ಲ. ಫೋನ್ ಮಾಡಿದರೆ "ಹೂಂ ಅಕ್ಕಾ" ಅಂದು ಇಟ್ಟುಬಿಡುತ್ತಾಳೆ. ಮೊನ್ನೆ ಅವಳ ರೂಮ್‌ಮೇಟ್ ಫೋನ್ ಮಾಡಿ ಹೇಳಿದಳು, ಯೂನಿಫಾರ್ಮಿಗೆ ಪಿನ್ ಹಾಕುವ ವಾಚನ್ನು "ನೀನೇ ಇಟ್ಕೋ" ಅಂತ ಕೊಟ್ಟುಬಿಟ್ಟಳಂತೆ. ಆ ವಾಚು ಅಪ್ಪ ಕೊಡಿಸಿದ್ದು. ನನ್ನ ಹತ್ತಿರವೂ ಒಮ್ಮೆ "ನಾನಿಲ್ಲದಿದ್ರೆ ಅಪ್ಪನಿಗೆ ಸಾಲದ ಚಿಂತೆ ಇರ್ತಿರಲಿಲ್ಲ" ಅಂದಳು. ನನಗೆ ಭಯವಾಗುತ್ತಿದೆ. ಸಾಯುವ ಯೋಚನೆ ಇದೆಯಾ ಅಂತ ಬಾಯಿಬಿಟ್ಟು ಕೇಳಬಹುದಾ?

ಥಾಣೆಯಿಂದ ಒಬ್ಬರು:
ದಯವಿಟ್ಟು ಹಾಗೆ ಕೇಳಬೇಡಿ ತಂಗಿ. ಇಲ್ಲದ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾಗುತ್ತದೆ. ನಾಲ್ಕು ದಿನ ಊರಿಗೆ ಕಳಿಸಿ, ಅಮ್ಮನ ಕೈ ಊಟ ಮಾಡಿದರೆ ಸರಿಹೋಗುತ್ತಾಳೆ.

ಪರೇಲ್ ಸ್ಟಾಫ್ ನರ್ಸ್:
ಅಣ್ಣಾ, ನಿಮ್ಮ ಕಾಳಜಿ ಅರ್ಥವಾಗುತ್ತೆ, ಆದರೆ ಇದು ಹಾಗಲ್ಲ. ಕೇಳಿದ್ದರಿಂದ ಯಾರಿಗೂ ಆ ಯೋಚನೆ ಹೊಸದಾಗಿ ಬರುವುದಿಲ್ಲ. ಇದನ್ನು ಎಷ್ಟೋ ಅಧ್ಯಯನಗಳಲ್ಲಿ ನೋಡಿದ್ದಾರೆ. ಒಳಗೆ ಇದ್ದವರಿಗೆ ಯಾರೋ ಕೇಳಿದರಲ್ಲ ಅಂತ ಉಸಿರು ಬಿಟ್ಟ ಹಾಗಾಗುತ್ತೆ.

ಡೊಂಬಿವಲಿ ಅಕ್ಕ, ಕೇಳಿ. ಇವತ್ತೇ ಕೇಳಿ. ಫೋನಿನಲ್ಲಿ ಬೇಡ, ಹಾಸ್ಟೆಲ್‌ಗೆ ಹೋಗಿ ಹೊರಗೆ ಕರೆದುಕೊಂಡು ಬನ್ನಿ. "ಇಷ್ಟೆಲ್ಲ ಆದಮೇಲೆ ಕೆಲವರಿಗೆ ಸಾಯಬೇಕು ಅನಿಸುತ್ತೆ, ನಿನಗೂ ಹಾಗೆ ಅನಿಸ್ತಿದೆಯಾ?" ಅಂತ ಸಮಾಧಾನವಾಗಿ ಕೇಳಿ. "ಅಂಥದ್ದೇನೂ ಇಲ್ಲ ತಾನೆ?" ಅಂತ ಮಾತ್ರ ಕೇಳಬೇಡಿ. ಹಾಗೆ ಕೇಳಿದರೆ ಯಾರಾದರೂ ಇಲ್ಲ ಅಂತಲೇ ಅನ್ನುತ್ತಾರೆ. ಹೌದು ಅಂದರೆ ಗಾಬರಿ ತೋರಿಸಬೇಡಿ, ಅಪ್ಪನ ಸಾಲದ ಮಾತು ಎತ್ತಬೇಡಿ, ಆಣೆ ಹಾಕಿಸಬೇಡಿ. ಅವಳು ಹೇಳಲಿ, ನೀವು ಕೇಳಿಸಿಕೊಳ್ಳಿ. ಹೇಗೆ, ಯಾವಾಗ ಅಂತ ಏನಾದರೂ ಯೋಚಿಸಿದ್ದಾಳಾ ಅಂತಲೂ ಕೇಳಿ. ಯೋಚಿಸಿದ್ದರೆ ಒಬ್ಬಳನ್ನೇ ಒಂದು ಗಳಿಗೆಯೂ ಬಿಡಬೇಡಿ, ನೇರ ಹತ್ತಿರದ ಆಸ್ಪತ್ರೆಯ ಕ್ಯಾಶುಯಲ್ಟಿಗೆ ಹೋಗಿ. ರೂಮಿನಲ್ಲಿರುವ ಔಷಧಿಗಳೆಲ್ಲ ನಿಮ್ಮ ಕೈಗೆ ಬರಲಿ.

ನರ್ಸಿಂಗ್ ಓದುವವಳು, ಇದೆಲ್ಲ ಅವಳಿಗೇ ಗೊತ್ತಿರುತ್ತೆ ಅಂದುಕೊಳ್ಳಬೇಡಿ. ಎರಡನೇ ವರ್ಷದಲ್ಲಿ ಸೈಕಿಯಾಟ್ರಿ ಪೇಪರ್ ಬರೆದು ಪಾಸಾದವರೇ ತಮ್ಮ ವಿಷಯ ಬಂದಾಗ ಬಾಯಿ ಮುಚ್ಚಿಕೊಳ್ಳುತ್ತೇವೆ. ನಾನು ಕುಂದಾಪುರದಿಂದ ಬಂದವಳು. ಸ್ಟೂಡೆಂಟ್ ಆಗಿದ್ದಾಗ ಸತ್ತು ಹುಟ್ಟಿದ ಮಗುವನ್ನು ಒರೆಸಿ, ಬಟ್ಟೆ ಸುತ್ತಿ, ತಾಯಿಗೆ ತೋರಿಸುವ ಕೆಲಸ ನನಗೆ ಬಂದಿತ್ತು. ಬೆರಳ ಉಗುರು ಸಮೇತ ಎಲ್ಲ ಸರಿಯಾಗಿತ್ತು ಆ ಮಗುವಿಗೆ. ಮುಗಿಸಿ ಹೊರಬಂದ ಕೂಡಲೇ ಮುಂದಿನ ಬೆಡ್‌ಗೆ ಹೋಗು ಅಂದರು. ನಿನಗೆ ಹೇಗಿದೆ ಅಂತ ಒಬ್ಬರೂ ಕೇಳಲಿಲ್ಲ. ಈ ಹುಡುಗಿಯರಿಗೆ ಎಲ್ಲ ಕಡೆ ಆಗುತ್ತಿರುವುದು ಇದೇ. ಡ್ಯೂಟಿ, ಕ್ಲಾಸು, ಕೇಸ್ ಬುಕ್ ತುಂಬುವುದು, ಬೈಗುಳ, ಮನೆಯ ಸಾಲ, ಎಲ್ಲ ಒಟ್ಟಿಗೆ. ತಾಯಿ ಸತ್ತರೆ ಡಾಕ್ಟರುಗಳು ಕೂತು ಕೇಸ್ ರಿವ್ಯೂ ಮಾಡುತ್ತಾರೆ. ಬಿಪಿ ಹಿಡಿದು ನಿಂತಿದ್ದ ಸ್ಟೂಡೆಂಟ್ ಅನ್ನು ಅಲ್ಲಿಗೆ ಕರೆಯುವುದಿಲ್ಲ. ಅವಳು ರಾತ್ರಿಯೆಲ್ಲ ತನ್ನದೇ ತಪ್ಪು ಅಂತ ಹುಡುಕುತ್ತಾ ಮಲಗುತ್ತಾಳೆ.

14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರಿಂದ ಇದೆ. ಹಗಲು ರಾತ್ರಿ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡಬಹುದು. ನೀವು ಅಕ್ಕನಾಗಿ ಮೊದಲು ಮಾತಾಡಿದರೂ ಆಗುತ್ತೆ.

ಡೊಂಬಿವಲಿ ಅಕ್ಕ:
ಸಿಸ್ಟರ್, ಕೇಳಿದೆ. ಸ್ಟೇಷನ್ ಹತ್ತಿರ ಚಹಾ ಕುಡಿಯುತ್ತಾ ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದಳು. ಆಮೇಲೆ "ಹೌದು ಅಕ್ಕಾ, ದಿನಾ" ಅಂದಳು. ಹೇಗೆ ಅಂತ ಯೋಚಿಸಿಲ್ಲವಂತೆ. ಈಗ ನಮ್ಮ ಮನೆಯಲ್ಲೇ ಇದ್ದಾಳೆ, ನನ್ನ ಪಕ್ಕದಲ್ಲೇ ಮಲಗುತ್ತಾಳೆ. 14416ರಲ್ಲಿ ಮಾತಾಡಿದೆವು, ಡಾಕ್ಟರಿಗೆ ತೋರಿಸಿ ಅಂದರು. ತಾನು ಡ್ಯೂಟಿ ಮಾಡುವ ಆಸ್ಪತ್ರೆಗೆ ಬರುವುದೇ ಇಲ್ಲ ಅನ್ನುತ್ತಾಳೆ, ಎಲ್ಲರಿಗೂ ಗೊತ್ತಾಗುತ್ತೆ ಅಂತ. ಇನ್ನೊಂದು, ರಜೆ ಹಾಕಿದರೆ ಅಟೆಂಡೆನ್ಸ್ ಹೋಗುತ್ತೆ, ವರ್ಷವೇ ಹೋಗುತ್ತೆ ಅಂತ ಅಳುತ್ತಾಳೆ.

ಪರೇಲ್ ಸ್ಟಾಫ್ ನರ್ಸ್:
ಎಷ್ಟು ಒಳ್ಳೆ ಕೆಲಸ ಮಾಡಿದಿರಿ ಅಕ್ಕ. ಅವಳ ಆಸ್ಪತ್ರೆ ಬೇಡವೇ ಬೇಡ. ಡೊಂಬಿವಲಿಯಿಂದ ಸ್ಲೋ ಲೋಕಲ್ ಹಿಡಿದು ಸಾಯನ್‌ಗೆ ಬನ್ನಿ, ಅಲ್ಲಿನ ಮುನ್ಸಿಪಲ್ ಆಸ್ಪತ್ರೆಯಲ್ಲಿ ಸೈಕಿಯಾಟ್ರಿ ವಿಭಾಗ ಇದೆ. ಕ್ಯೂ ಇರುತ್ತೆ, ಕೇಸ್ ಪೇಪರ್ (ಒಪಿಡಿ ಚೀಟಿ) ಮಾಡಿಸಲು ಬೆಳಗ್ಗೆ ಬೇಗ ಬನ್ನಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಅವಳ ಚಿಕಿತ್ಸೆಯ ವಿಷಯ ಗುಟ್ಟಾಗಿಡಬೇಕು, ಕಾಲೇಜಿಗೆ ಸುಮ್ನೆ ಹೇಳುವ ಹಾಗಿಲ್ಲ.

ಪುಣೆ ನರ್ಸಿಂಗ್ ಟ್ಯೂಟರ್:
ಅಟೆಂಡೆನ್ಸ್ ಬಗ್ಗೆ ನಾನು ಹೇಳುತ್ತೇನೆ. ನರ್ಸಿಂಗ್ ಕೌನ್ಸಿಲ್ ನಿಯಮದಲ್ಲಿ ಪರೀಕ್ಷೆಗೆ ಕೂರಲು ಶೇ. 80 ಸಾಕು. ಪ್ರಾಕ್ಟಿಕಲ್ ಮಾತ್ರ ಡಿಪ್ಲೊಮಾ ಕೈಗೆ ಬರುವ ಮೊದಲು ಪೂರ್ತಿ ಆಗಬೇಕು, ತಪ್ಪಿದ ಡ್ಯೂಟಿ ಆಮೇಲೆ ಮಾಡಬಹುದು. ಸ್ವಲ್ಪ ದಿನದ ರಜೆಗೆ ವರ್ಷ ಹೋಗುವುದಿಲ್ಲ. ಇದನ್ನು ಅವಳಿಗೆ ಇವತ್ತೇ ಹೇಳಿ, ಇಂಥ ಭಯಕ್ಕೇ ಎಷ್ಟೋ ಮಕ್ಕಳು ಡಾಕ್ಟರ್ ಹತ್ತಿರ ಹೋಗುವುದಿಲ್ಲ.

ಡಾಕ್ಟರ್ ಸರ್ಟಿಫಿಕೇಟಿನಲ್ಲಿ ವಿಶ್ರಾಂತಿ ಬೇಕು ಅಂತ ಬರೆದರೆ ಸಾಕು. ಪ್ರಿನ್ಸಿಪಾಲರಿಗೆ ರಜೆ ಅರ್ಜಿ ಕೊಟ್ಟು ಒಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ನೂರು ಅಥವಾ ಅದಕ್ಕಿಂತ ಜಾಸ್ತಿ ವಿದ್ಯಾರ್ಥಿಗಳಿರುವ ಕಾಲೇಜಿನಲ್ಲಿ ಒಬ್ಬ ಕೌನ್ಸೆಲರ್ ಇರಲೇಬೇಕು ಅಂತ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ಅಲ್ಲಿ ಯಾರಿದ್ದಾರೆ ಅಂತ ಅರ್ಜಿಯಲ್ಲೇ ಕೇಳಿ. ವಾಪಸ್ ಹೋಗುವಾಗ ಲೇಬರ್ ವಾರ್ಡ್ ಬದಲು ಬೇರೆ ಪೋಸ್ಟಿಂಗ್ ಮೊದಲು ಕೊಡಿ ಅಂತಲೂ ಬರೆಯಿರಿ. ಹೇಗೆ ಬರೆಯಬೇಕು ಅಂತ ಗೊತ್ತಾಗದಿದ್ದರೆ ಇಲ್ಲೇ ಹೇಳಿ, ಬರೆದು ಹಾಕುತ್ತೇನೆ.