‘ಬ್ಲಾಕ್ ತೆಗೆದರು’ ಎನ್ನಬಹುದೇ? ‘ಪೇಟೆನ್ಸಿ’ಗೆ ಕನ್ನಡ ಏನು?

ಬಳಗದ ಎಲ್ಲರಿಗೂ ನಮಸ್ಕಾರ.

ಕಾಲಿನ ರಕ್ತನಾಳ ಕಟ್ಟಿಕೊಂಡು ಆಂಜಿಯೋಪ್ಲಾಸ್ಟಿ ಮಾಡಿಸಿಕೊಂಡವರಿಗೆ ಕೊಡುವ ಕರಪತ್ರವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎರಡು ಕಡೆ ಲೇಖನಿ ನಿಂತಿದೆ.

ಮೊದಲನೆಯದು ‘ಬ್ಲಾಕ್ ತೆಗೆದರು’ ಎಂಬ ಮಾತು. ನಮ್ಮ ಮನೆಯಲ್ಲೂ ಹಾಗೆಯೇ ಹೇಳುತ್ತೇವೆ. ಆದರೆ ಆಂಜಿಯೋಪ್ಲಾಸ್ಟಿಯಲ್ಲಿ ನಾಳದೊಳಗೆ ಕಳಿಸುವ ಪುಟ್ಟ ಬಲೂನು ಏನನ್ನೂ ತೆಗೆಯುವುದಿಲ್ಲ. ತೊಡೆಸಂದಿಯಲ್ಲಿ ಚುಚ್ಚಿ ತೂರಿಸಿದ ಸಪೂರ ಕೊಳವೆಯ ತುದಿಯಲ್ಲಿ ಅದು ಉಬ್ಬಿ, ನಾಳದ ಗೋಡೆಗೆ ಅಂಟಿದ ಜಿಡ್ಡನ್ನು ಅಲ್ಲಿಯೇ ಅದುಮಿ ದಾರಿಯನ್ನು ಅಗಲಿಸುತ್ತದೆ, ಅಷ್ಟೆ. 1964ರಲ್ಲಿ ಅಮೆರಿಕದ ಪೋರ್ಟ್‌ಲೆಂಡ್‌ನಲ್ಲಿ ವೈದ್ಯ ಚಾರ್ಲ್ಸ್ ಡಾಟರ್ ಈ ಚಿಕಿತ್ಸೆಯನ್ನು ಮೊದಲು ಮಾಡಿದ್ದೂ ಕಾಲಿಗೇ. ಕಾಲು ಕತ್ತರಿಸಲು ಒಪ್ಪದ 82 ವರ್ಷದ ಅಜ್ಜಿಯೊಬ್ಬರಿಗೆ. ಆಗ ಬಲೂನು ಇರಲಿಲ್ಲ, ಕೊಳವೆಯ ಮೇಲೆ ಇನ್ನೊಂದು ದಪ್ಪ ಕೊಳವೆ ಜಾರಿಸಿ ಅಗಲಿಸಿದರು. ಅಂದೂ ತೆಗೆದದ್ದೇನಿಲ್ಲ. ‘ತೆಗೆದರು’ ಎಂದು ಓದಿದವರು ಕಾಯಿಲೆಯೇ ಹೋಯಿತೆಂದು ಮತ್ತೆ ಬೀಡಿ ಹಚ್ಚಿದರೆ ಪಾಪ ಅನುವಾದಕರಿಗೆ! ಜಿಡ್ಡನ್ನು ಹೆರೆದು ತೆಗೆಯುವ ಅಥೆರೆಕ್ಟಮಿ ಬೇರೆಯೇ ಇದೆ, ಅದಕ್ಕೆ ‘ಹೂಳೆತ್ತು’ ಚೆನ್ನಾಗಿ ಒಪ್ಪುತ್ತದೆ. ಬಲೂನಿಗೆ ಸದ್ಯಕ್ಕೆ ‘ದಾರಿ ಬಿಡಿಸು’ ಎಂದು ಬರೆದಿದ್ದೇನೆ.

ನಿಜವಾದ ತೊಡಕು ‘ಪೇಟೆನ್ಸಿ’. ಬಿಡಿಸಿದ ನಾಳ ಮುಂದೆಯೂ ತೆರೆದೇ ಇರುವುದು ಎಂದರ್ಥ. ಮತ್ತೆ ಕೈಹಾಕದೆ ತೆರೆದಿದ್ದರೆ ಪ್ರೈಮರಿ. ಒಮ್ಮೆ ಮುಚ್ಚಿಹೋಗಿ, ಮತ್ತೆ ಬಿಡಿಸಿದ ಮೇಲೆ ತೆರೆದಿದ್ದರೆ ಸೆಕೆಂಡರಿ. ಇದನ್ನು ‘ಯಶಸ್ಸು’ ಎಂದು ಬರೆದುಬಿಡುವ ರೂಢಿ ನನಗೆ ಒಗ್ಗದು. ಪಾದದ ಹುಣ್ಣು ಮಾಗಿದ ಮೇಲೆ ನಾಳ ಪುನಃ ಕಟ್ಟಿಕೊಂಡರೂ ಕಾಲು ಉಳಿಯಬಹುದು. ನಾಳ ತೆರೆದಿದ್ದೂ ಸೋಂಕಿಗೆ ಬೆರಳು ಹೋಗಬಹುದು. ನಾಳದ ಲೆಕ್ಕ ಬೇರೆ, ಕಾಲಿನ ಲೆಕ್ಕ ಬೇರೆ.

‘ತೆರೆದಿರುವಿಕೆ’ ಬಾಯಿಗೆ ತೊಡಕು. ಅರ್ಥ ನೋಡಿದರೆ ‘ನಿರರ್ಗಳ’ ಅಳತೆ ಕೊಟ್ಟು ಹೊಲಿಸಿದಂತಿದೆ: ಅರ್ಗಳ ಎಂದರೆ ಅಗುಳಿ, ಅಗುಳಿ ಇಲ್ಲದ್ದು ನಿರರ್ಗಳ. ಆದರೆ ಆ ಪದವನ್ನು ಭಾಷಣಕಾರರು ಎಂದೋ ಎತ್ತಿಕೊಂಡು ಹೋಗಿದ್ದಾರೆ. ‘ನಿಮ್ಮ ಕಾಲು ನಿರರ್ಗಳವಾಗಿದೆ’ ಎಂದರೆ ರೋಗಿ ನಕ್ಕಾರು.

ಮಂಡ್ಯದ ಕಡೆಯವರು ಯಾರಾದರೂ ಇದ್ದೀರಾ? ನಾಲೆ ಎಲ್ಲೂ ಕಟ್ಟಿಕೊಳ್ಳದೆ ಕೊನೆಯ ಗದ್ದೆಯವರೆಗೆ ಹರಿಯುತ್ತಿದ್ದರೆ ನಿಮ್ಮ ನೀರುಗಂಟಿಗಳು ಅದಕ್ಕೆ ಏನೆನ್ನುತ್ತಾರೆ?